ಏಳನೇ ನಂಬರಿನ ಚಿಪ್ಪು

ಸೆಪ್ಟೆಂಬರ್ ೯, ಮಂಗಳವಾರ

ಇವತ್ತು ಝೂಆಲಜಿ ಲ್ಯಾಬಿನಲ್ಲಿ ಸಾಕಿರುವ ಬಸವನಹುಳುಗಳ ಚಿಪ್ಪು ಅಳೆಯುವಾಗ ಕ್ಯಾಲಿಪರನ್ನು ಜಾಸ್ತಿ ಬಿಗಿ ಮಾಡಿಬಿಟ್ಟೆ. ಏಳನೇ ನಂಬರಿನದು. ಚಿಪ್ಪಿನ ಅಂಚು ಚಟ್ ಅಂತು. ರೆಕಾರ್ಡಿನಲ್ಲಿ ಹೋದ ವಾರದ ಅಳತೆಯನ್ನೇ ಬರೆದು, ಪಕ್ಕದಲ್ಲಿ 'ನಾರ್ಮಲ್' ಅಂತ ಹಾಕಿದೆ.

ಅಟೆಂಡರ್ ಅಂಕಲ್ ಮಾತ್ರ ನೋಡಿದ್ದರು. "ಅಂಚು ತಾನೇ? ಅದೇ ಕಟ್ಕೊಳ್ಳುತ್ತೆ ಬಿಡಮ್ಮ. ಸುಣ್ಣದಂಶ ಬೇಕು ಅದಕ್ಕೆ, ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕು," ಅಂದರು.

"ಮೊದಲಿನ ಥರಾನೇ ಆಗುತ್ತಾ ಅಂಕಲ್?"

"ಗೆರೆ ಉಳಿಯುತ್ತೆ. ಮೇಡಂ ಕಣ್ಣಿಗೆ ಬಿದ್ದೇ ಬೀಳುತ್ತೆ. ಅದಕ್ಕೆ ಮುಂಚೆ ನೀನೇ ಬಾಯಿ ಬಿಡು."

ಸಂಜೆ ಅಮ್ಮ ಫೋನಿನಲ್ಲಿ, "ಏನೇ, ದನಿ ಯಾಕೆ ಹೀಗಿದೆ?" ಅಂದಳು. "ಫೈನ್ ಅಮ್ಮಾ," ಅಂದೆ. ಎಂಟು ವರ್ಷ ಹಾಸ್ಟೆಲಿನಲ್ಲಿ ಕಲಿತದ್ದು ಅದೊಂದೇ ಉತ್ತರ. ಅಳು ಬಂದಿದ್ದರೆ ಚೆನ್ನಾಗಿತ್ತು, ಬರುತ್ತಿಲ್ಲ. ಒಳಗೆಲ್ಲ ಜೋಮು ಹಿಡಿದ ಹಾಗಿದೆ.

ಮೆಸ್ಸಿನ ಮೊಟ್ಟೆಯ ಸಿಪ್ಪೆಯನ್ನು ಟಿಶ್ಯೂನಲ್ಲಿ ಸುತ್ತಿ ತಂದು, ತೊಳೆದು, ಸೋಪ್ ಬಾಕ್ಸಿನಲ್ಲಿ ಒಣಗಲು ಇಟ್ಟಿದ್ದೇನೆ. "ತಲೆ ಕೆಟ್ಟಿದೆಯೇನೇ ನಿಂಗೆ?" ಅಂತ ರೂಮ್‌ಮೇಟ್ ನಕ್ಕಳು. ನಾಳೆ ಮೊದಲು ಸಿಪ್ಪೆ ಹಾಕಬೇಕು. ಆಮೇಲೆ ಆ 'ನಾರ್ಮಲ್' ಹೊಡೆದುಹಾಕಿ, ಮೇಡಂ ಹತ್ತಿರ ಹೋಗಿ, ಮೇಡಂ, ಏಳನೇ ನಂಬರ್ ಒಡೆದದ್ದು…