ಗುರುವಾರದ ಹೃದಯಗಳು

ಫೇರ್‌ಫ್ಯಾಕ್ಸ್, ವರ್ಜೀನಿಯಾ
ಭಾನುವಾರ, ೧೨ ಮಾರ್ಚ್ ೧೯೯೫

ಪ್ರೀತಿಯ ವರೂ,

ಹೇಗಿದ್ದೀಯೆ? ಕಾಲಿನ ಊತ ಇಳಿಯಿತೆ? ಮಗು ಒದೆಯುತ್ತಿದೆಯೆ? ಒದೆಯಲಿ ಬಿಡು, ನಿನಗೆ ನಿದ್ದೆಗೆಟ್ಟರೂ ಪರವಾಗಿಲ್ಲ. ಮೈಸೂರಿನ ತವರಿಗೆ ಹೋಗಿ ಅತ್ತೆಯ ಕೈಯಡುಗೆ ಉಣ್ಣುತ್ತಿದ್ದೀಯಲ್ಲ, ನನಗಿಲ್ಲಿ ಹೊಟ್ಟೆಕಿಚ್ಚು. ದಿನಾ ಮೊಸರನ್ನ, ಅದೂ ನಿಂತುಕೊಂಡೇ. ಮೈಯೆಲ್ಲ ಸುಸ್ತು ಕಣೇ. ಆರೆಂಜ್ ಲೈನ್ ರೈಲಿನಲ್ಲಿ ಕೂತರೆ ವಾಷಿಂಗ್ಟನ್ ಬರುವ ತನಕ ಕಣ್ಣು ಬಿಡಲಾಗುವುದಿಲ್ಲ.

ಹೋದ ಭಾನುವಾರ ಶ್ಯಾಂಟಿಲಿಯ ಬದರಿನಾಥ್ ಅಂಕಲ್ ಮನೆಯಲ್ಲಿ ಸತ್ಯನಾರಾಯಣ ಪೂಜೆ. ತೆಂಗಿನಕಾಯಿ ನನ್ನ ಕೈಗೇ ಕೊಟ್ಟರು. ಅಮ್ಮ ಫೋನ್ ಮಾಡಿದಾಗಲೆಲ್ಲ ಹೇಳುವುದು ಒಂದೇ: ‘ಹೆಂಡ್ತಿ ಬಸುರಿ ಕಣೋ, ಕಾಯಿ ಒಡೀಬೇಡ, ಒಂದು ಇರುವೇನೂ ಹೊಸಕಬೇಡ.’ ನಾನು ಹಿಂದೆ ಸರಿದೆ. ಶೈಲಜಾ ಆಂಟಿ ‘ಅಯ್ಯೋ, ಇವರು ಫಾದರ್ ಆಗ್ತಿದ್ದಾರೆ, ಮರೆತೇಬಿಟ್ಟೆ! ಬೇರೆ ಯಾರಾದ್ರೂ ಬನ್ರಪ್ಪಾ’ ಎಂದು ಕೂಗಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಗುರುವಾರ ಲ್ಯಾಬಿನಲ್ಲಿ ಏನು ನಡೆಯುತ್ತದೆಂದು ನಿನಗೆ ಗೊತ್ತು, ಅಮ್ಮನಿಗೆ ಗೊತ್ತಿಲ್ಲ. ಬಸುರಿ ಇಲಿಯ ಹೊಟ್ಟೆ ಕೊಯ್ದು ಮರಿಗಳ ಹೃದಯ ತೆಗೆಯುವವನು ನಾನೇ. ಕಡಲೆಬೇಳೆಗಿಂತ ಚಿಕ್ಕದು, ತಟ್ಟೆಗೆ ಹಾಕಿದ ಮೇಲೂ ಬಡಿಯುತ್ತಿರುತ್ತದೆ. ಅದರ ಒಂದೊಂದು ಜೀವಕೋಶಕ್ಕೂ ಕ್ಯಾಲ್ಸಿಯಂ ಒಳಗೆ ಬಿಡುವ ಸಣ್ಣ ಬಾಗಿಲುಗಳಿವೆ. ದೊಡ್ಡವರ ಹೃದಯ ಒಳಗೇ ಒಂದಿಷ್ಟು ಕೂಡಿಟ್ಟುಕೊಂಡಿರುತ್ತದೆ. ಹುಟ್ಟದ ಮರಿಗೆ ಆ ಉಗ್ರಾಣ ಇನ್ನೂ ಬೆಳೆದಿರುವುದಿಲ್ಲ. ಪ್ರತಿ ಬಡಿತಕ್ಕೂ ಹೊರಗಿನಿಂದಲೇ ಬರಬೇಕು. ಆ ಬಾಗಿಲು ಮುಚ್ಚುವ ಔಷಧಿ ಹಾಕಿ ಬಡಿತ ನಿಲ್ಲುವುದನ್ನು ನೋಡುವುದು ನನ್ನ ಕೆಲಸ. ಇದರಿಂದ ನಾಳೆ ಎಷ್ಟೋ ಮಕ್ಕಳು ಉಳಿಯಬಹುದು, ಅದೂ ನಿಜವೇ.

ಹೋದ ವರ್ಷ ಡಾಕ್ಟರು ನಿನ್ನ ಹೊಟ್ಟೆಯ ಮೇಲೆ ಯಂತ್ರ ಆಡಿಸಿ ಆಡಿಸಿ, ಬಡಿತ ಸಿಗುತ್ತಿಲ್ಲ ಎಂದರಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ನಾನು ಓದಿದ್ದೆಲ್ಲ ಹೇಳುತ್ತದೆ. ನಾನೂ ಹಾಗೇ ನಂಬಿದ್ದೆ. ಆದರೆ ಈ ಗುರುವಾರ ಎರಡು ಸಲ ಕತ್ತರಿ ಕೆಳಗಿಟ್ಟು ಮತ್ತೆ ಎತ್ತಿಕೊಂಡೆ, ವರೂ. ತೆಂಗಿನಕಾಯಿಗೆ ಹೆದರಿದವನು ಇಲಿಗೆ ಹೆದರಲಿಲ್ಲವಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು. ಈ ಸಲ ಏನಾದರೂ ಆದರೆ ಎಂಬ ಭಯ ಹಗಲೆಲ್ಲ ಬೆನ್ನು ಬಿಡುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಮೆಟ್ಟಿಲು ಹತ್ತಿ ಇಳಿದು ಮಾಡಬೇಡ. ಅತ್ತೆ ಮಾವನಿಗೆ ನನ್ನ ನಮಸ್ಕಾರ ತಿಳಿಸು. ಒಳಗಿರುವ ಪುಟ್ಟಿಗೋ ಪುಟ್ಟನಿಗೋ ಅಪ್ಪನ ಮುತ್ತು.

ನಿನ್ನ
ಕೃಷ್ಣಪ್ರಸಾದ

ತಾ.ಕ.: ಮುಖ್ಯವಾದದ್ದನ್ನೇ ಬರೆಯಲು ಧೈರ್ಯವಾಗಿರಲಿಲ್ಲ. ಹೆರಿಗೆಯಾಗುವ ತನಕ ಇಲಿ ಕೊಯ್ಯಲಾರೆ ಎಂದು ಶುಕ್ರವಾರ ಬಾಸ್‌ಗೆ ಹೇಳಿಬಿಟ್ಟೆ. ಆಕೆ ಕೆಟ್ಟವಳಲ್ಲ, ಆದರೆ ನನ್ನನ್ನು ಕರೆಸಿಕೊಂಡದ್ದೇ ಅದಕ್ಕೆ. ತಿಂಗಳ ಕೊನೆಗೆ ಕೆಲಸವೂ ಇಲ್ಲ, ವೀಸಾವೂ ಇಲ್ಲ. ಏಪ್ರಿಲ್ ಮೊದಲ ವಾರ ಬರುತ್ತಿದ್ದೇನೆ, ವಾಪಸ್ ಟಿಕೆಟ್ ತೆಗೆದಿಲ್ಲ. ಬೈಯುವುದಿದ್ದರೆ ಹೆರಿಗೆಯಾದ ಮೇಲೆ ಬೈ. ಈಗ ಮಗು ಕೇಳಿಸಿಕೊಳ್ಳುತ್ತದೆ.