ಹದಿನಾಲ್ಕನೇ ಮಂಚದ ಅತಿಥಿ

ಶುಕ್ರವಾರ, ಮಧ್ಯಾಹ್ನದ ಬಿಡುವು

ನನ್ನ ಮುದ್ದು ಮಗಳೇ,

ನೀನು ಬರೆದುಕೊಟ್ಟ ಕ್ಷಮಾಪಣೆ ಪತ್ರವನ್ನು ನಾನು ಆಸ್ಪತ್ರೆಯಲ್ಲಿ ಕೊಡಲಿಲ್ಲ. ಮೊದಲೇ ಹೇಳಿಬಿಟ್ಟೆ, ಆಮೇಲೆ ಎಷ್ಟು ಬೇಕಾದರೂ ಬೈದುಕೋ. ತಪ್ಪು ಮಾಡದವಳು ಕ್ಷಮೆ ಯಾಕೆ ಕೇಳಬೇಕು? ನೋಡಲು ಬಂದವರು ಹೊರಡಬೇಕಾದ ಐದು ಗಂಟೆಯ ಬೆಲ್ ಹೊಡೆದಾಗ ಒಬ್ಬ ಅಜ್ಜಿ ಹದಿನಾಲ್ಕನೇ ಮಂಚದಲ್ಲಿದ್ದ ಗಂಡನಿಗೆ ಊಟ ಮಾಡಿಸುತ್ತಿದ್ದರು. ಆತನಿಗೆ ಕೈ ನಡುಕ, ಚಮಚ ಬಾಯಿ ಮುಟ್ಟುವುದಿಲ್ಲ. ಕಾವಲಿನವನು "ಟೈಮ್ ಆಯ್ತು, ಏಳಜ್ಜಿ" ಎಂದು ತೋಳಿಗೆ ಕೈ ಹಾಕಿದ. "ಇನ್ನೆರಡು ತುತ್ತು ಕಣಪ್ಪ" ಎಂದು ಅಜ್ಜಿ ಬೇಡಿಕೊಂಡರು. ನಾನು ಆ ಕಾವಲಿನವನನ್ನು ವಾರ್ಡಿನಿಂದ ಹೊರಗೆ ದಬ್ಬಿ ಚಿಲಕ ಹಾಕಿದೆ. ಅಷ್ಟಕ್ಕೇ ಆ ಮೆಮೊ: ಕೆಲಸದಿಂದ ಯಾಕೆ ತೆಗೆಯಬಾರದು, ಉತ್ತರ ಕೊಡು!

ಕೊಟ್ಟೆ, ನನ್ನದೇ ಕೈಬರಹದಲ್ಲಿ. ಶಬ್ದಕೋಶದ ಕಚೇರಿಗೆ ಸೇರಿದ ಹೊಸದರಲ್ಲಿ ನೀನು ಹೇಳಿದ್ದೆಯಲ್ಲ, ಆಸ್ಪತ್ರೆ ಎಂಬ ಮಾತು ಪರದೇಶದಿಂದ ಹಡಗು ಹತ್ತಿ ಬಂದದ್ದು, ಅದರ ಬೇರಿನಲ್ಲಿ ಇರುವುದು ರೋಗವಲ್ಲ, ಅತಿಥಿ. ದಾರಿಹೋಕರಿಗೆ ತೆರೆದಿಟ್ಟ ಮನೆಗೆ ಆ ಹೆಸರಿತ್ತು ಅಂತ. ಅದನ್ನೇ ಬರೆದು, ಉಣ್ಣುವ ಅತಿಥಿಯ ಬಾಯಿಂದ ತುತ್ತು ಕಸಿಯುವುದಾದರೆ ಮೊದಲು ಬಾಗಿಲ ಮೇಲಿನ ಹೆಸರು ಕಿತ್ತುಹಾಕಿ ಎಂದು ಮುಗಿಸಿದೆ.

ದೊಡ್ಡ ಡಾಕ್ಟರು ಕರೆಸಿದರು. "ಏನಮ್ಮ, 'ಹದಿನಾಲ್ಕರ ಹೆಂಡತಿ' ಅಂತ ಬರ್ದಿದ್ದೀಯ. ಹೆಸರೇನು ನಿನ್ನ ಅತಿಥಿದು?"

ಇಪ್ಪತ್ತೆರಡು ವರ್ಷದಿಂದ ನಾವು ಆಯಾಗಳು ಕೂಗುವುದೇ ಹಾಗೆ, ಮಂಚದ ನಂಬರಿನಿಂದ: ಹದಿನಾಲ್ಕಕ್ಕೆ ಬೆಡ್‌ಪ್ಯಾನ್, ಒಂಬತ್ತಕ್ಕೆ ಚಾದರ. ಹನ್ನೊಂದು ದಿನ ಆ ಮುದುಕರ ಮೈ ಒರೆಸಿದವಳು ಹೆಸರು ಕೇಳಿರಲಿಲ್ಲ. ನನ್ನ ಮೇಲೇ ನನಗೆ ಥೂ ಎನಿಸಿತು.

"ಗೊತ್ತಿಲ್ಲ ಸಾರ್. ನಿಮಗೆ ಗೊತ್ತಾ?" ಎಂದೆ.

ಅವರು ಕೇಸ್‌ಶೀಟಿಗೆ ಕೈ ಚಾಚಿದರು. ಹೆಡ್ ನರ್ಸ್ ಪಕ್ಕದಿಂದ, "ನೋಡ್ದೇ ಹೇಳಿ ಸಾರ್" ಎಂದುಬಿಟ್ಟಳು, ಪುಣ್ಯಾತ್ಗಿತ್ತಿ! ಸಾಹೇಬರ ಕಿವಿ ಕೆಂಪಾಯಿತು. ಮೆಮೊ ಹರಿದರು. ಮರುದಿನವೇ ಗೋಡೆಗೆ ಚೀಟಿ ಬಿತ್ತು: ಊಟ ಮುಗಿಯುವ ತನಕ ರೋಗಿಯ ಜೊತೆ ಒಬ್ಬರು ಇರಬಹುದು.

ಡಾಕ್ಟರ ಕೋಣೆಯಿಂದ ನಾನು ಸೀದಾ ವಾರ್ಡಿಗೆ ಹೋಗಿ ಹೆಸರು ಕೇಳಿದ್ದೆ. ಅಜ್ಜಿ ಇಬ್ಬರದೂ ಹೇಳಿ, "ನಿಂದೇನವ್ವ?" ಎಂದರು. ಇಷ್ಟು ವರ್ಷದಲ್ಲಿ ಅಲ್ಲಿ ಯಾರೂ ನನ್ನ ಹೆಸರು ಕೇಳಿರಲಿಲ್ಲ, ಮಗಳೇ. ಹೊಟ್ಟೆ ತುಂಬಿದ ಹಾಗಾಯಿತು.

ನಿನ್ನ ಮೊಂಡು
ಅಮ್ಮ

ತಾ.ಕ.: ಒಂದು ಮುಚ್ಚಿಟ್ಟೆ. ಬಾಯಿ ಜೋರು ಎಂದು ಮೊನ್ನೆ ಸೋಮವಾರದಿಂದ ನನ್ನನ್ನು ಬಟ್ಟೆ ಒಗೆಯುವ ವಿಭಾಗಕ್ಕೆ ದೂಡಿದ್ದಾರೆ. ಆಯಾ ಆಗಿ ವಾರ್ಡಿನೊಳಗೆ ಕಾಲಿಡಬಾರದಂತೆ. ಅಜ್ಜಿಗೆ ಮಂಡಿ ನೋವು, ಸಂಜೆ ಬರಲಾಗುವುದಿಲ್ಲ. ಹಾಗಾಗಿ ಡ್ಯೂಟಿ ಮುಗಿಸಿ, ಸೀರೆ ಬದಲಾಯಿಸಿ, ಆ ಚೀಟಿಯ ಲೆಕ್ಕದಲ್ಲಿ ಮುದುಕರ ಜೊತೆಯವಳಾಗಿ ಊಟ ಮಾಡಿಸಲು ದಿನಾ ಒಳಗೆ ಹೋಗುತ್ತೇನೆ. ಕಾವಲಿನವನೇ ಬಾಗಿಲು ತೆಗೆಯುತ್ತಾನೆ.