ಬಸು ಕಾಕಾ ಹಿಂದೆ ನೋಡಿರಲಿಲ್ಲ

ಅಪ್ಪಾ,

ಇವತ್ತು ಬೆಳಿಗ್ಗೆ ಮಗ್ಗದ ಮೇಲಿನ ನೂಲು ಮತ್ತೆ ತುಂಡಾಗಿತ್ತು. ಅದೇ ಗೋಡೆ ಕಡೆಯ ಮಗ್ಗ. ಕತ್ತರಿ ಆಡಿಸಿದ ಹಾಗೆ, ಅಂದು ನೀನು ತೋರಿಸಿದ ಹಾಗೆಯೇ. ಬೀಗದ ಕೈ ನನ್ನ ಹತ್ತಿರ ಮಾತ್ರ ಇತ್ತು, ಈ ಸಲ ಯಾರ ಮೇಲೆ ಸಂಶಯಪಡಲಿ? ಗೋಡೆಯ ಸಡಿಲ ಕಲ್ಲು ಕಿತ್ತೆ. ಒಳಗೆ ಇಲಿಯ ಗೂಡು, ತುಂಬ ನಮ್ಮದೇ ನೂಲು. ನೂಲಿಗೆ ಹಾಕುವ ಗಂಜಿಯ ರುಚಿ ಅದಕ್ಕೆ ಹತ್ತಿದೆ. ಗೂಡಿನ ತಳದಲ್ಲಿ ನೀಲಿ ಎಳೆಗಳೂ ಇದ್ದವು. ನಾವು ನೀಲಿ ನೂಲು ಏರಿಸಿದ್ದು ಆ ಒಂದು ಸಲ ಮಾತ್ರ, ಅಪ್ಪಾ.

ರಜೆಯ ದಿನ ಮೂವರೂ ಸಿನಿಮಾಕ್ಕೆ ಹೋಗುತ್ತಿದ್ದೆವಲ್ಲ. ನೀನು, ನಾನು, ನಿನ್ನ ಜೊತೆ ಗಡಹಿಂಗ್ಲಜದಿಂದ ಇಚಲಕರಂಜಿಗೆ ಬಂದು ನಮ್ಮ ಮಗ್ಗಗಳ ರಿಪೇರಿ ನೋಡುತ್ತಿದ್ದ ಬಸು ಕಾಕಾ. ಇಂಟರ್ವಲ್‌ನಲ್ಲಿ ವಡಾ ತಿನ್ನುತ್ತ ನೀನು ತೀರ್ಪು ಕೊಡುತ್ತಿದ್ದೆ: "ಭಾಳ ನಗತಾನಲ್ಲ, ಅಂವನ ಮಾಡ್ಯಾನ." "ಹಂಗಾರ ನಾ ನಗೂದ ಬಿಡ್ತೀನಿ" ಎಂದು ಕಾಕಾ ನಗುತ್ತಿದ್ದರು. ಪರದೆಯ ಮೇಲೆ ಯಾವುದೂ ತಾನಾಗಿ ಆಗುತ್ತಿರಲಿಲ್ಲ. ಬೆಂಕಿ ಬಿದ್ದರೆ ಹಚ್ಚಿದವನೊಬ್ಬ, ಹಚ್ಚಿಸಿದವನೊಬ್ಬ, ಇಬ್ಬರಿಗೂ ಬಾಗಿಲು ತೆಗೆದ ಮನೆಯ ಗೆಳೆಯನೊಬ್ಬ. ನಮಗೆ ಅದು ಇಷ್ಟವಾಗಿತ್ತು. ಸಿಟ್ಟು ಮಾಡಲು ಒಂದು ಮುಖ ಸಿಗುತ್ತದಲ್ಲ.

ನೀಲಿ ನೂಲು ತುಂಡಾದ ದಿನ ನೀನು ಕೇಳಿದೆ, "ನಿನ್ನೆ ಕಡೀಕ ಯಾರ ಹೋದ್ರು?" ಬಸು ಕಾಕಾ ಎಂದೆ. ನಿಜ. ಕೈಯಲ್ಲಿ ಕತ್ತರಿ ಇತ್ತು ಎಂದೆ. ಅದೂ ನಿಜ. ಮಗ್ಗದ ಕೆಲಸದವರ ಕೈಯಲ್ಲಿ ಇನ್ನೇನಿರುತ್ತದೆ? ನೀನು ನನ್ನನ್ನೇ ನೋಡುತ್ತಿದ್ದೆ. ಹನ್ನೆರಡು ವರ್ಷದವಳ ಮಾತಿಗೆ ಯಾರೂ ಹಾಗೆ ಕಿವಿಗೊಟ್ಟಿರಲಿಲ್ಲ. "ಬಾಗಲದಾಗ ನಿಂತು ಎರಡ ಸಲ ಹಿಂದ ನೋಡಿದ್ರು" ಎಂದುಬಿಟ್ಟೆ. ಅದು ಹಿಂದಿನ ವಾರದ ಸಿನಿಮಾದಲ್ಲಿ ಖಳನಾಯಕ ಮಾಡಿದ್ದು. ಕಾಕಾ ನೋಡಿರಲಿಲ್ಲ.

ಚಹಾದಂಗಡಿಯ ಮುಂದೆ ಎಲ್ಲರೆದುರು ನೀನು ಅವರ ಕೊರಳಪಟ್ಟಿ ಹಿಡಿದೆ. "ಎರಡ ಸಲ ಹಿಂದ ನೋಡಿಯಂತ. ಯಾರ ಕಳಿಸ್ಯಾರ ನಿನಗ?" "ಯಾರೂ ಇಲ್ಲೋ" ಎಂದರು. ಆ ಮಾತೇ ನಿನಗೆ ಸಾಕ್ಷಿಯಾಯಿತು. ಅದೇ ವಾರ ಅವರು ಊರಿಗೆ ಮರಳಿದರು. ನಾನು ಬಾಯಿಬಿಡಬಹುದಿತ್ತು. ಅಂದು, ಮರುದಿನ, ಕೊನೆಗೆ, ಸಾಯುವ ಮೊದಲು ನೀನು ಹಾಸಿಗೆ ಹಿಡಿದು "ಗೆಳ್ಯಾ ಆಗಿ ಹಿಂಗ್ಯಾಕ ಮಾಡಿದಾ" ಎಂದು ಕೇಳುತ್ತಿದ್ದಾಗಲಾದರೂ...

ಗೂಡನ್ನು ಡಬ್ಬಿಗೆ ಹಾಕಿಕೊಂಡು ಮಧ್ಯಾಹ್ನದ ಬಸ್ಸಿಗೆ ಗಡಹಿಂಗ್ಲಜಕ್ಕೆ ಹೋದೆ. ಕಾಕಾ ನೀಲಿ ಎಳೆಯೊಂದನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ತಲೆ ಎತ್ತದೆ ಕೇಳಿದರು.

"ನಾ ಹಿಂದ ನೋಡೀನಂತ ಹೇಳಿದವ್ರು ಯಾರವ್ವಾ?"

"ನಾನ ರೀ, ಕಾಕಾ."



"ಯಾರ ಹೇಳಿದ್ರಂತ ಎಷ್ಟ ಕೇಳಿದೆ ನಿಮ್ಮಪ್ಪಗ," ಎಂದರು. "ಹೊಡ್ಯಾಕ ಬಂದ, ಖರೆ ನಿನ್ನ ಹೆಸರ ಹೇಳಲಿಲ್ಲ ನೋಡು."

ಕ್ಷಮಿಸಿದೆ ಎನ್ನಲಿಲ್ಲ. ಚಹಾ ಕುಡಿದು ಹೋಗು ಎಂದರು.

ನಾಳೆ ಬೆಳಿಗ್ಗೆ ಪಾಳಿ ಬದಲಾಗುವ ಹೊತ್ತಿಗೆ, ಎಲ್ಲರೂ ಇರುವಾಗ, ಅದೇ ಚಹಾದಂಗಡಿಯ ಮುಂದೆ ನಿಲ್ಲುತ್ತೇನೆ, ಅಪ್ಪಾ. ನೀನು ಹೇಳದೆ ಉಳಿಸಿದ ಹೆಸರನ್ನು ನಾನೇ ಹೇಳುತ್ತೇನೆ.

ನಿನ್ನ ಮಗಳು
ಸುಜಾತಾ